ಟೋಲ್ ತಪ್ಪಿಸಿ ಅಜ್ಮಾನಿಗೆ

ಎರಡು ಕಮಾನು, ಹತ್ತು ದಿರ್ಹಾಂ. ನಮ್ಮ ದುಡ್ಡಿನಲ್ಲಿ ಇನ್ನೂರೈವತ್ತು ರೂಪಾಯಿಯ ಒಳಗೇ. ದುಬೈಯಲ್ಲಿ ಟೋಲ್‌ಗೆ ಗೇಟಿಲ್ಲ, ಸಾಲು ನಿಲ್ಲುವುದಿಲ್ಲ. ರಸ್ತೆಯ ಮೇಲೆ ಕಮಾನು ನಿಂತಿರುತ್ತದೆ, ಅದರಡಿ ಹಾದರೆ ದುಡ್ಡು ತಾನಾಗಿ ಕಡಿತವಾಗುತ್ತದೆ. ಬಾಡಿಗೆ ಕಾರಾದರೆ ಕೊಟ್ಟವನು ಅದರ ಮೇಲೆ ತನ್ನದೊಂದಿಷ್ಟು ಸೇರಿಸುತ್ತಾನೆ. ಅದನ್ನು ಉಳಿಸಲು ನಾನು ಫೋನಿನ ಮ್ಯಾಪಿನಲ್ಲಿ ಟೋಲ್ ರಸ್ತೆ ಬೇಡ ಎಂದು ಒತ್ತಿದೆ. ಖರ್ಚು ಬಿದ್ದದ್ದು ನನ್ನ ಷಡ್ಡಕನಿಗೆ. ಅವನಿಗೆ ಸಿಗಬೇಕಿದ್ದ ನೌಕರಿ ಹೋಯಿತು.

ಯಾಕೆ ಒತ್ತಿದೆ ಎಂದರೆ ಅದು ರೂಢಿ. ದಾವಣಗೆರೆಯ ಬೀದಿಗಳಲ್ಲಿ ತಳ್ಳುಗಾಡಿಯ ಮೇಲೆ ಖರ್ಜೂರ ಮಾರಿದವನು ನಾನು. ಈಗ ಎಂ.ಸಿ.ಸಿ. ಬಡಾವಣೆಯಲ್ಲಿ ಸ್ವಂತ ಮನೆ ಇದೆ, ರಂಜಾನಿಗೆ ಮುಂಚೆ ದುಬೈಗೇ ಹೋಗಿ ಮಾಲು ನೋಡಿ ಬರುವಷ್ಟು ವ್ಯಾಪಾರವಿದೆ. ಆದರೆ ಹುಬ್ಬಳ್ಳಿಗೆ ಹೋಗುವಾಗ ಟೋಲ್ ಕಟ್ಟುವುದಿಲ್ಲ. ಹರಿಹರ ದಾಟಿದ ಮೇಲೆ ಎಲ್ಲಿ ಹೆದ್ದಾರಿ ಇಳಿಯಬೇಕು, ಯಾವ ಹಳ್ಳಿಯ ಒಳಗೆ ಹಾದು ಮತ್ತೆಲ್ಲಿ ಹತ್ತಬೇಕು ಎಂಬುದು ನಮ್ಮ ಕಡೆ ಲೋಡು ಹೊಡೆಯುವವರಿಗೆಲ್ಲ ಬಾಯಿಪಾಠ. ಟೋಲ್ ಕಟ್ಟುವವನು ದಾರಿ ತಿಳಿಯದವನು ಎಂದೇ ನಾವು ನಗುವುದು. ಆ ಒಳದಾರಿಯನ್ನು ನನಗೆ ತೋರಿಸಿದವನೂ ಷಡ್ಡಕನೇ.

ಅವನು ಹರಿಹರದವನು, ನನ್ನ ಹೆಂಡತಿಯ ಅಕ್ಕನ ಗಂಡ. ದಾವಣಗೆರೆಯ ಭಟ್ಟಿಗಳಿಂದ ಮಂಡಕ್ಕಿ ಮೂಟೆ ಹೇರಿಕೊಂಡು ಇಪ್ಪತ್ತೈದು ವರ್ಷ ಟೆಂಪೊ ಓಡಿಸಿದ್ದ. ದುಬೈಗೆ ಹತ್ತಿರದ ಅಜ್ಮಾನಿನಲ್ಲಿ ನಮ್ಮ ಕರಾವಳಿಯ ಸಾಹುಕಾರರೊಬ್ಬರ ದಿನಸಿ ಗೋದಾಮಿಗೆ ಕನ್ನಡ, ಉರ್ದು ಎರಡೂ ಬರುವ ಡ್ರೈವರ್ ಬೇಕಿತ್ತು. ಷಡ್ಡಕ ಟೆಂಪೊ ಮಾರಿ, ಖರ್ಜೂರ ನೋಡಲು ಹೊರಟಿದ್ದ ನನ್ನ ಜೊತೆ ವಿಮಾನ ಹತ್ತಿದ. ಸಾಹುಕಾರರು ಫೋನಿನಲ್ಲಿ ಕಡ್ಡಿ ಮುರಿದಂತೆ ಹೇಳಿದ್ದರು: "ಹತ್ತಕ್ಕೆ ಬರಬೇಕು. ಹನ್ನೊಂದಕ್ಕೆ ನಾನು ಏರ್‌ಪೋರ್ಟಿಗೆ ಹೊರಡ್ತೇನೆ. ಇನ್ನೊಬ್ಬನೂ ಬರ್ತಾನೆ, ನೀವಿಲ್ಲದಿದ್ರೆ ಅವನೇ."

ಪರದೇಶದಲ್ಲಿ ಓಡಿಸುವ ಪರ್ಮಿಟ್ ಇಬ್ಬರೂ ಊರಿನಲ್ಲೇ ಮಾಡಿಸಿದ್ದೆವು. ಆದರೆ ಬಾಡಿಗೆ ಕಾಗದದಲ್ಲಿ ಎರಡನೇ ಡ್ರೈವರ್ ಹೆಸರು ಬರೆಸಲು ದಿನಕ್ಕಿಷ್ಟು ಎಂದು ಬೇರೆ ಕೇಳಿದರು. ಬೇಡ ಅಂದೆ. ಹಾಗಾಗಿ ಇಪ್ಪತ್ತೈದು ವರ್ಷದ ಡ್ರೈವರು ಪಕ್ಕದ ಸೀಟಿನಲ್ಲಿ ಕೂತು, ನಾನು ವೇಗ ಏರಿಸಿದಾಗಲೆಲ್ಲ ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಿದ್ದ.

"ತಮ್ಮಾ, ಸ್ಟೇರಿಂಗ್ ನಂಗೆ ಕೊಡು. ನೀನು ಆರಾಮ ಕೂಡ್ರು," ಅಂದ.

"ಕಾಗ್ದದಾಗೆ ನನ್ ಹೆಸ್ರು ಐತೆ ಭಾಯ್. ಪೊಲೀಸ್ರು ಹಿಡಿದ್ರೆ ಬಿಡ್ಸಾಕೆ ಇಲ್ಲಿ ನಿಮ್ ಮಾವ ಕುಂತಿಲ್ಲ."

ದುಬೈಯ ಹೋಟೆಲಿನಿಂದ ಎಂಟೂವರೆಗೆ ಹೊರಟೆವು. ನೇರ ಹೋದರೆ ನಲವತ್ತು ನಿಮಿಷದ ದಾರಿ. ಮ್ಯಾಪು ಕನ್ನಡದಲ್ಲೇ ಮಾತಾಡುತ್ತಿತ್ತು: ಐನೂರು ಮೀಟರ್ ನಂತರ ಬಲಕ್ಕೆ ತಿರುಗಿ. ತಿರುಗಿದೆ. ಷಡ್ಡಕ ಕತ್ತು ಹೊರಳಿಸಿ ಹಿಂದಕ್ಕೆ ಹೋದ ಬೋರ್ಡನ್ನು ನೋಡಿದ.

"ಅಲ್ಲಿ ಶಾರ್ಜಾ ಅಂತ ನೇರಕ್ಕೆ ಬಾಣ ಇತ್ತಲ್ಲ ತಮ್ಮಾ. ಅಜ್ಮಾನು ಅದರ ಆಚಿಗೆ ಅಲ್ವಾ? ನಾವ್ಯಾಕ ಬಲಕ್ಕೆ ಹೊಂಟ್ವಿ?"

"ಆಕಾಶದಾಗಿಂದ ಉಪಗ್ರಹ ನೋಡಿ ಹೇಳ್ತೈತೆ ಭಾಯ್. ನೀವು ಅದಕ್ಕಿಂತ ಮ್ಯಾಲೆ ಕುಂತೀರೇನು?"

ಅವನು ಕಿಟಕಿಯ ಹೊರಗೆ ಬಗ್ಗಿ ನೋಡಿದ. ಆಮೇಲೆ, "ಬಿಸ್ಲು ಮಕಕ್ಕೇ ಹೊಡೀತೈತೆ. ಸಮುದ್ರ ಹಿಂದಕ್ಕೆ ಬಿತ್ತು. ಇದು ಮರಳಿನ ಕಡೆ ಹೋಗೋ ದಾರಿ," ಅಂದ.

"ಇದೇನು ಮಂಡಕ್ಕಿ ಲೋಡಾ, ಬಿಸ್ಲು ನೋಡ್ಕಂತ ಹೊಡಿಯಾಕೆ? ಬಾಯ್ಮುಚ್ಕಂಡು ಕೂಡ್ರಿ."

ನನಗಿಂತ ಎಂಟು ವರ್ಷ ದೊಡ್ಡವನಿಗೆ ಹಾಗಂದೆ. ಅವನು ಬಿಸಿಲಿಗೆ ಕೈ ಅಡ್ಡ ಹಿಡಿದು ಕೂತ.

ಊರಾಚೆಯ ದೊಡ್ಡ ರಸ್ತೆಯಲ್ಲಿ ಲಾರಿಗಳ ಸಾಲಿಗೆ ಸಿಕ್ಕಿಕೊಂಡೆವು. ಮುಂದೆಲ್ಲೋ ಒಂದು ಲಾರಿ ಅಡ್ಡ ಬಿದ್ದಿತ್ತಂತೆ. ಎರಡೂ ಕಡೆ ಮರಳು. ಒಂಬತ್ತೂ ಮುಕ್ಕಾಲಿಗೆ ತೆವಳುತ್ತ ಒಂದು ಕವಲಿಗೆ ಬಂದಾಗ ಟೋಲ್ ಬೇಡ ಎಂದಿದ್ದರೂ ಮ್ಯಾಪಿನಲ್ಲಿ ಎರಡು ಗೆರೆ ಕಂಡವು. ನಮ್ಮದು ಕೆಂಪು, ಇನ್ನೂ ಒಂದೂಕಾಲು ಗಂಟೆ. ಇನ್ನೊಂದು ಹಿಂದಕ್ಕೆ ತಿರುಗಿ ಟೋಲಿನ ಮೇಲೆ ಹೋಗುವುದು, ನಲವತ್ತು ನಿಮಿಷ. ತಿರುಗಿದ್ದರೆ ಹತ್ತೂವರೆಗೆ ಮುಟ್ಟುತ್ತಿದ್ದೆವು, ಸಾಹುಕಾರರು ಸಿಗುತ್ತಿದ್ದರು. ಷಡ್ಡಕನಿಗೆ ಆ ಪರದೆ ಕಾಣುತ್ತಿರಲಿಲ್ಲ, ಫೋನು ನನ್ನ ಕಡೆ ತಿರುಗಿತ್ತು. ಕಾರು ತಿರುಗಿಸಿದರೆ ಅವನು ಹೇಳಿದ್ದೇ ಸರಿ ಎಂದಾಗುತ್ತಿತ್ತು. ಹತ್ತು ದಿರ್ಹಾಮಿನ ಮಾತು ಅಲ್ಲಿಗೇ ಮುಗಿದಿತ್ತು. ನಾನು ನೇರ ಹೋದೆ.

ಗೋದಾಮು ಮುಟ್ಟಿದಾಗ ಹನ್ನೊಂದೂಕಾಲು. ಗುಮಾಸ್ತ ಹೊರಗೇ ಸಿಕ್ಕ. "ಸಾಹುಕಾರ್ರು ಹೋದ್ರಲ್ಲ. ಇನ್ನೊಬ್ಬ ಹತ್ತಕ್ಕೇ ಬಂದಿದ್ದ, ಅವನಿಗೇ ಚಾವಿ ಕೊಟ್ಟು ಹೋದ್ರು."

ಆ ಇನ್ನೊಬ್ಬ ಅಂಗಳದಲ್ಲಿ ವ್ಯಾನನ್ನು ರಿವರ್ಸ್ ತೆಗೆಯುತ್ತಿದ್ದ. ಹಿಂದೆ ಕಬ್ಬಿಣದ ಕಂಬವಿತ್ತು, ಅವನು ನೋಡಿರಲಿಲ್ಲ. ಷಡ್ಡಕ ಓಡಿಹೋಗಿ ವ್ಯಾನಿನ ಬೆನ್ನಿಗೆ ಪಟಪಟ ಬಡಿದ, ಟೆಂಪೊ ಸ್ಟ್ಯಾಂಡಿನಲ್ಲಿ ಬಡಿಯುವಂತೆ. "ಹೋಲ್ಡಾನ್! ಲೆಫ್ಟ್ ಕಟ್ ಮಾಡು... ಬರ್ಲಿ, ಬರ್ಲಿ, ಬರ್ಲಿ... ಸಾಕು!" ತನ್ನ ನೌಕರಿ ಕಿತ್ತುಕೊಂಡವನ ಗಾಡಿಯನ್ನು ನೆಟ್ಟಗೆ ನಿಲ್ಲಿಸಿಕೊಟ್ಟು ಅಂಗೈ ಒರೆಸಿಕೊಂಡ.

"ಕ್ಲೀನರ್ ಕೆಲ್ಸ ಖಾಲಿ ಐತಾ ಕೇಳ್ಲಾ ಭಾಯ್?" ಅಂದೆ. ಗುಮಾಸ್ತ ನಕ್ಕ. ನಾನೂ ನಕ್ಕೆ.

ವಾಪಸು ಬರುವಾಗ ನನಗೆ ಮಧ್ಯಾಹ್ನ ಒಂದು ಗಂಟೆಗೆ ಖರ್ಜೂರದವನನ್ನು ನೋಡುವುದಿತ್ತು. ಟೋಲ್ ರಸ್ತೆ ಆಗಬಹುದು ಎಂದು ಒತ್ತಿದೆ. ಸಮುದ್ರದ ಕಡೆಯ ರಸ್ತೆಯಲ್ಲಿ ಮೂವತ್ತೆಂಟು ನಿಮಿಷಕ್ಕೆ ಹೋಟೆಲು ಬಂತು. ಎರಡು ಕಮಾನುಗಳನ್ನೂ ಷಡ್ಡಕ ಗಾಜಿಗೆ ಬಗ್ಗಿ, ತಲೆಯೆತ್ತಿ ನೋಡಿದ. 

ಊರಿಗೆ ಬಂದ ವಾರದಲ್ಲಿ ನಮ್ಮ ಮನೆಯಲ್ಲಿ ಊಟವಿತ್ತು. ಎಲ್ಲರೂ ಅಜ್ಮಾನಿನ ಕತೆ ಕೇಳಿದರು. "ಭಾಯ್ ಎಡಕ್ಕೆ ಅಂದ್ರು, ಬಲಕ್ಕೆ ಅಂದ್ರು. ಮ್ಯಾಪಿನ ಮಾತು ಕೇಳಾಕೇ ಬಿಡ್ಲಿಲ್ಲ ನೋಡ್ರಿ," ಅಂದೆ. ಜನ ನಕ್ಕರು. ಅವನ ಹೆಂಡತಿ ಬಡಿಸುತ್ತಿದ್ದ ಸೌಟು ಹಿಡಿದೇ, "ಟೆಂಪೊನೂ ಹೋತು, ನೌಕ್ರಿನೂ ಹೋತು. ದಾರಿ ಕೇಳಾಕೆ ಬಾಯಿರಲಿಲ್ವಾ ನಿಮ್ಗೆ?" ಅಂದಳು. ಷಡ್ಡಕ ತಟ್ಟೆಯ ಅಂಚಿನ ಮೂಳೆಯನ್ನು ಅತ್ತ ಸರಿಸಿ, ಇತ್ತ ಸರಿಸಿ, "ನಂಗೇ ತಿಳೀಲಿಲ್ಲ ಬಿಡು," ಅಂದ.

ಯಾಕೆ ಹಾಗಂದ ಎಂದು ನಾಲ್ಕು ದಿನಕ್ಕೆ ಗೊತ್ತಾಯಿತು. ಅಂಗಡಿಗೆ ಬಂದು ಕೆಲಸ ಕೇಳಿದ. ನನಗೂ ಹರಿಹರದ ಅಂಗಡಿಗಳಿಗೆ ಮಾಲು ಮುಟ್ಟಿಸಲು ಡ್ರೈವರ್ ಬೇಕಿತ್ತು. ಹಿಂದಿನವನಿಗೆ ಕೊಡುತ್ತಿದ್ದುದಕ್ಕಿಂತ ಕಡಿಮೆ ಹೇಳಿದೆ. ಸ್ವಂತ ಗಾಡಿ ಇಲ್ಲದವನು ಚೌಕಾಶಿ ಮಾಡಲಾರ ಎಂಬುದು ನನಗೆ ಗೊತ್ತಿತ್ತು. ಮಾಡಲಿಲ್ಲ. ಈಗ ಅವನು ನನ್ನನ್ನು ತಮ್ಮಾ ಅನ್ನುವುದಿಲ್ಲ, ಮಿಕ್ಕವರ ಹಾಗೆ ಸೇಟು ಅನ್ನುತ್ತಾನೆ. ಅವನಷ್ಟು ಒಳ್ಳೆಯ ಡ್ರೈವರ್ ನನಗೆ ಹಿಂದೆ ಸಿಕ್ಕಿರಲಿಲ್ಲ.

ಪರದೇಶದಲ್ಲಿ ಬಾಡಿಗೆ ಕಾರು ಹಿಡಿಯುವವರಿಗೆ ಹೇಳುತ್ತೇನೆ. ಕಾರಿನ ಬಾಡಿಗೆಯನ್ನು ಎಷ್ಟಾದರೂ ಜಗ್ಗಿ ಇಳಿಸಿ, ಬಿಡಬೇಡಿ. ಇಂಟರ್ನೆಟ್ ಇರುವ ಸಿಮ್ಮಿಗೆ ಮಾತ್ರ ಜಿಪುಣತನ ಬೇಡ. ಹೊರಡುವ ಮುಂಚೆ ಮ್ಯಾಪನ್ನು ಎರಡು ಬೆರಳಿನಿಂದ ಕಿರಿದು ಮಾಡಿ ಇಡೀ ದಾರಿ ನೋಡಿ, ಹೋಗುವ ಊರು ಉತ್ತರಕ್ಕಿದ್ದು ಗೆರೆ ಪೂರ್ವಕ್ಕೆ ಹೊರಟಿದ್ದರೆ ಯಾಕೆ ಎಂದು ಕೇಳಿಕೊಳ್ಳಿ. ಫೋನನ್ನು ಪಕ್ಕದಲ್ಲಿ ಕೂತವನಿಗೂ ಕಾಣುವ ಹಾಗೆ ನಡುವೆ ಸಿಕ್ಕಿಸಿ. ಮತ್ತೆ ಅವತ್ತಿನ ಕೆಲಸ ನಿಮ್ಮದಲ್ಲ, ಜೊತೆಗೆ ಬಂದವನದು ಎಂದಾದರೆ ಕಾರನ್ನೇ ತೆಗೆಯಬೇಡಿ. ಅವನನ್ನು ಟ್ಯಾಕ್ಸಿ ಹತ್ತಿಸಿ ಕಳಿಸಿ, ನೀವು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿರಿ.