ಅಪ್ಪ ಬಂದು ಉಣ್ರಲಾ ಅನ್ನಬೇಕು

ಊಟದ ವಿಷಯದಲ್ಲಿ ನನಗೆ ನಾಚಿಕೆಯಿಲ್ಲ. ಹೋದ ಊರಿನಲ್ಲಿ ಅಲ್ಲಿಯವರು ಉಣ್ಣುವುದನ್ನೇ ಉಣ್ಣಬೇಕು, ಅದೂ ಹೊಟ್ಟೆ ಬಿರಿಯುವಷ್ಟು. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಕಾರ್ಖಾನೆಯವರು ಕೆಲವರನ್ನು ತರಬೇತಿಗೆಂದು ಜಪಾನಿಗೆ ಕಳಿಸಿದಾಗ, ನನ್ನ ಜೊತೆಗಾರರು ಪೆಟ್ಟಿಗೆ ತುಂಬ ಉಪ್ಪಿನಕಾಯಿ, ಚಟ್ನಿಪುಡಿ ಹೊತ್ತುಕೊಂಡು ಬಂದಿದ್ದರು. ಅಷ್ಟು ದೂರ ಬಂದು ಚಟ್ನಿಪುಡಿ ನೆಕ್ಕುವುದಕ್ಕೆ ನಮ್ಮ ಗಣಿ ಊರಿನ ರಾಬರ್ಟ್‌ಸನ್‌ಪೇಟೆಯಲ್ಲೇ ಇರಬಹುದಿತ್ತಲ್ಲ ಎಂದು ರೇಗಿಸುತ್ತಿದ್ದೆ. ಅವರು ಮುಖ ಊದಿಸಿಕೊಂಡು ಅನ್ನ ಕಲಸುತ್ತಿದ್ದರು. ನಾನು ಸಿಕ್ಕಿದ ಅಂಗಡಿಗೆಲ್ಲ ನುಗ್ಗುತ್ತಿದ್ದೆ. ಹಾಗೆ ನುಗ್ಗಿದ ಒಂದು ಕಡೆ ನನ್ನ ಕೈ ಬಟ್ಟಲಿನಲ್ಲೇ ನಿಂತುಬಿಟ್ಟಿತು. ಅದನ್ನು ಹೇಳಬೇಕಾದರೆ ಮೊದಲು ಮನೆಯ ಮಾತು ಹೇಳಬೇಕು.

ನಮ್ಮದು ಬಂಗಾರಪೇಟೆ ಕಡೆಯ ಬೇಸಾಯದ ಮನೆತನ. ಅಪ್ಪ ಹೊಲವನ್ನು ತನ್ನ ಅಣ್ಣಂದಿರಿಗೆ ಬಿಟ್ಟು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯಲ್ಲಿ ನೆಲದೊಳಗಿನ ಕೆಲಸಕ್ಕೆ ಸೇರಿದ್ದ. ಗಣಿಯವರು ಸಾಲಾಗಿ ಕಟ್ಟಿಸಿದ ತಗಡಿನ ಮನೆಗಳಲ್ಲಿ ಒಂದು ನಮ್ಮದು. ಎಡಕ್ಕೆ ತಮಿಳಿನವರ ಕೊಳಂಬು, ಬಲಕ್ಕೆ ತೆಲುಗಿನವರ ಗೋಂಗೂರ, ನಡುವೆ ನಮ್ಮ ಒಲೆಯ ಮೇಲೆ ಊರಿನ ರಾಗಿಯ ಮುದ್ದೆ, ಬಸ್ಸಾರು. ನಾನು ಮೂರು ಮನೆಯಲ್ಲೂ ಉಣ್ಣುತ್ತಿದ್ದೆ. ಆದರೆ ಅಮ್ಮ ಪಾತ್ರೆ ಅಲುಗದಂತೆ ಕವೆಗೋಲನ್ನು ಪಾದದಿಂದ ಅದುಮಿ, ಹಬೆಯಲ್ಲಿ ಮುಖ ಕೆಂಪಗೆ ಮಾಡಿಕೊಂಡು ತಿರುವಿದ ಮುದ್ದೆಯ ಮುಂದೆ ಮಿಕ್ಕಿದ್ದೆಲ್ಲ ಸಪ್ಪೆ.

ಗಣಿಯ ಆಳದಲ್ಲಿ ಬಂಡೆ ಸಿಡಿದರೆ ಮೇಲೆ ನಮ್ಮ ಮನೆಗಳು ನಡುಗುತ್ತಿದ್ದವು. ಏರ್ ಬ್ಲಾಸ್ಟ್ ಎನ್ನುತ್ತಿದ್ದರು ಎಲ್ಲರೂ. ಮೊದಲು ಹಲಗೆಯ ಮೇಲಿನ ಲೋಟಗಳು ಗಿಲಿಗಿಲಿ ಸದ್ದು ಮಾಡುತ್ತಿದ್ದವು. ಅಷ್ಟು ಕೇಳಿದರೆ ಸಾಕು, ಅಮ್ಮ ಎದ್ದು ಹಲಗೆಯನ್ನು ಒತ್ತಿ ಹಿಡಿದು, “ಬುಡ್ಲಾ ತುತ್ತ” ಎನ್ನುವಳು. ಕೈಯಲ್ಲಿದ್ದ ತುತ್ತು ತಟ್ಟೆಗೆ ವಾಪಸು. ಅಪ್ಪ ಕೆಲಸ ಮುಗಿಸಿ ಮೇಲೆ ಬಂದು ತನ್ನ ಬಾಯಿಂದ “ಉಣ್ರಲಾ” ಅನ್ನುವವರೆಗೆ ಯಾರೂ ನುಂಗುವ ಹಾಗಿಲ್ಲ. ಪಕ್ಕದ ಮನೆಗಳಲ್ಲಿ ಈ ಕಟ್ಟುನಿಟ್ಟು ಇರಲಿಲ್ಲ. ಇದು ಅಮ್ಮ ತಾನೇ ಮಾಡಿಕೊಂಡದ್ದು. ಹೊಟ್ಟೆ ಚುರುಗುಟ್ಟಿ ನನಗೆ ಅವಳ ಮೇಲೆ ಕೆಂಡದಂಥ ಕೋಪ ಬರುತ್ತಿತ್ತು. ಆಮೇಲೆ ಅಪ್ಪ ಬರುತ್ತಿದ್ದ. ಬಾಗಿಲಲ್ಲೇ ನಿಂತು, ನಮ್ಮ ಒಣಗಿದ ಎಂಜಲು ಕೈಗಳನ್ನು ನೋಡಿ ನಕ್ಕು, “ಬಂದ್ನಲ್ಲ, ಉಣ್ರಲಾ” ಎನ್ನುತ್ತಿದ್ದ. ತಣ್ಣಗಾದ ಆ ಮುದ್ದೆಗೆ ಎಲ್ಲಿಲ್ಲದ ರುಚಿ.

ಅಪ್ಪ ಪಾಳಿಗೆ ಹೋಗಿದ್ದ ಒಂದು ಭಾನುವಾರ ಅಮ್ಮನೂ ನನ್ನ ಜೊತೆಯೇ ಉಣ್ಣಲು ಕೂತಿದ್ದಳು. ಅವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದುವಷ್ಟರಲ್ಲಿ ಲೋಟಗಳು ಸದ್ದು ಮಾಡಿದವು. ತುತ್ತು ತಟ್ಟೆಗೆ ಬಿತ್ತು. ನಾವು ಕಾದೆವು. ಸಂಜೆಯ ಹೊತ್ತಿಗೆ ಬಾಗಿಲಲ್ಲಿ ಯಾರ್ಯಾರೋ ಬಂದು ನಿಂತರು, ಅಪ್ಪ ಅವರಲ್ಲಿರಲಿಲ್ಲ. ಬಂಡೆ ಕುಸಿದ ಕಡೆಗೆ ಹೋಗಲು ದಾರಿಯೇ ಉಳಿದಿರಲಿಲ್ಲವಂತೆ. ಆಮೇಲೆ ಆ ಸುರಂಗವನ್ನೇ ಮುಚ್ಚಿದರು. ಅಪ್ಪನನ್ನು ಮೇಲಕ್ಕೆ ತರಲಾಗಲಿಲ್ಲ.

ಅಮ್ಮ ನನಗಾಗಿ ದಿನವೂ ಮುದ್ದೆ ತಿರುವಿದಳು, ತಾನು ಮಾತ್ರ ಮುಟ್ಟಲಿಲ್ಲ. ಒಂದು ಹಿಡಿ ಅನ್ನದಲ್ಲಿ ಊಟ ಮುಗಿಸುತ್ತಿದ್ದಳು. ಕೇಳಿದರೆ “ಸೇರಾಕಿಲ್ಲ ಕಣ್ಲಾ” ಎನ್ನುವಳು. ಊಟದ ಹೊತ್ತಿನಲ್ಲಿ ಬಾಗಿಲಿಗೆ ನೆರಳು ಬಿದ್ದರೆ ಇಬ್ಬರೂ ತಲೆಯೆತ್ತುತ್ತಿದ್ದೆವು. ನನಗೆ ಆ ಚಾಳಿ ಇನ್ನೂ ಬಿಟ್ಟಿಲ್ಲ.

ಜಪಾನಿನ ಆ ಅಂಗಡಿ ಗುಡ್ಡದ ಬದಿಯಲ್ಲಿತ್ತು. ನಡೆಸುತ್ತಿದ್ದವಳು ಒಬ್ಬ ಮುದುಕಿ. ಅವಳು ಯಾವುದೋ ಕಂದು ಹಿಟ್ಟನ್ನು ಬಿಸಿನೀರಿಗೆ ಹಾಕಿ, ಕೋಲು ಹಿಡಿದು, ಹಲ್ಲು ಕಚ್ಚಿ ತಿರುವುವುದನ್ನು ಕಂಡು ನನಗೆ ಮೈ ಜುಮ್ಮೆಂದಿತು. ನನ್ನ ಮುಂದೆ ಬಂದದ್ದು ಮುದ್ದೆಯೇ! ರಾಗಿಯದಲ್ಲ, ಆದರೆ ಅದೇ ಮೈ, ಅದೇ ಹಬೆ. ಅವಳು ಕೊಟ್ಟ ತಿನ್ನುವ ಕಡ್ಡಿಗಳನ್ನು ಪಕ್ಕಕ್ಕಿಟ್ಟು, ಕೈಯಲ್ಲೇ ಮುರಿದು, ಕಪ್ಪು ಸಾರಿನಲ್ಲಿ ಅದ್ದಿ, ಅಗಿಯದೆ ನುಂಗಿದೆ. ಮುದುಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು. ಎರಡನೆಯ ತುತ್ತು ಎತ್ತಿದ್ದೆ. ಗೋಡೆಯ ಹಲಗೆಯ ಮೇಲಿನ ಬಟ್ಟಲುಗಳು ಗಿಲಿಗಿಲಿ ಎಂದವು.

ಅಲ್ಲಿ ಭೂಮಿ ಆಗಾಗ ನಡುಗುತ್ತದೆ, ಅಲ್ಲಿಯವರಿಗೆ ಅದು ಮಾಮೂಲು. ಪಕ್ಕದವರು ತಲೆಯೆತ್ತಿ ನೋಡಿ ಮತ್ತೆ ಊಟಕ್ಕೆ ಬಾಗಿದರು. ಮುದುಕಿ ಹೋಗಿ ಹಲಗೆಯನ್ನು ಒತ್ತಿ ಹಿಡಿದಳು. ನನ್ನ ತುತ್ತು ಆಗಲೇ ಬಟ್ಟಲಿಗೆ ಬಿದ್ದಿತ್ತು. ನಡುಕ ನಿಂತಿತು, ನನ್ನ ಕೈ ಏಳಲಿಲ್ಲ. ಬಾಗಿಲನ್ನೇ ನೋಡುತ್ತ ಕೂತೆ. ಸ್ವಲ್ಪ ಹೊತ್ತಿಗೆ ಅವಳ ಗಂಡನಿರಬೇಕು, ಮಣ್ಣಾದ ಬೂಟಿನ ಮುದುಕನೊಬ್ಬ ತಲೆ ಬಗ್ಗಿಸಿ ಒಳಗೆ ಬಂದ. ಮುದುಕಿ ನನ್ನನ್ನು ತೋರಿಸಿ ಅವನಿಗೇನೋ ಹೇಳಿದಳು. ಅವನು ನಕ್ಕು, ಬಟ್ಟಲಿನ ಕಡೆ ಕೈಮಾಡಿ ಒಂದು ಮಾತು ಹೇಳಿದ. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು. ಉಂಡೆ. ಅತ್ತುಕೊಂಡೇ ಉಂಡೆ.

ಊರಿಗೆ ಬಂದ ಮೇಲೆ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಆಗ ನಾವು ಬಂಗಾರಪೇಟೆಯಲ್ಲಿ ಮನೆ ಮಾಡಿದ್ದೆವು. ಅಲ್ಲಿ ಲೋಟಗಳು ಸದ್ದು ಮಾಡುತ್ತಿರಲಿಲ್ಲ. ಅವಳು ತಿರುವುತ್ತಿದ್ದ ಕೋಲನ್ನು ನಿಲ್ಲಿಸಿ ಕೇಳಿದಳು, “ಆಯಪ್ಪ ಬಂದು ಉಣ್ಣು ಅಂದ್ರಾ?”

“ಅಂದರಮ್ಮ.”

“ಆಯಮ್ಮ ಪುಣ್ಯವಂತೆ.”

ಅವತ್ತು ಹಟ ಮಾಡಿ ಅವಳ ತಟ್ಟೆಗೂ ಒಂದು ಮುದ್ದೆ ಹಾಕಿದೆ. “ಈಗ ನಮ್ಮನೇರು ಯಾರೂ ಗಣಿ ಒಳಗಿಲ್ಲ. ನಾನು ಹೇಳ್ತಿದ್ದೀನಲ್ಲ, ಉಣ್ಣಮ್ಮ” ಎಂದೆ. ಅವಳು ಮುದ್ದೆ ಮುರಿದಳು, ಸಾರಿನಲ್ಲಿ ಅದ್ದಿದಳು, ಬಾಯಿಯ ಹತ್ತಿರಕ್ಕೂ ತಂದಳು. ಅವಳ ಕಣ್ಣು ಬಾಗಿಲಿಗೆ ಹೋಯಿತು. ಕೈ ಮೆಲ್ಲಗೆ ಕೆಳಗಿಳಿಯಿತು.

“ನಿಮ್ಮಪ್ಪ ಇನ್ನೂ ಒಳ್ಗೇ ಅವ್ರೆ ಕಣ್ಲಾ” ಎಂದಳು. “ನೀನು ಉಣ್ಣು, ತಣ್ಗಾಯ್ತದೆ.”