ಆಡಿನ ಬೆನ್ನಿಂದ ತೆಗೆದ ನೀರು

ಆಗ ನನಗೆ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ನಾವಿರುವುದು ಗೋವಿನಕೋವಿ ಹತ್ತಿರ. ಮರುದಿನ ಮಧ್ಯಾಹ್ನ ಜಗಳೂರಿನ ಬೀಗರು ಊಟಕ್ಕೆ ಬರುವವರಿದ್ದರು. ಅವರಿಗೆಂದೇ ಮೈದುನ ಕೊಬ್ಬಿಸಿದ್ದ ಆಡು ಬೆಳಗಿನಿಂದ ಒಂದೇ ಮಗ್ಗುಲಿಗೆ ಸುತ್ತತೊಡಗಿತ್ತು. ತಲೆ ವಾರೆ, ಒಂದು ಕಿವಿ ಜೋತುಬಿದ್ದಿದೆ, ಅಗಿದ ಮೇವು ದವಡೆಯಲ್ಲೇ ಉಳಿದು ಬಾಯಿಂದ ಹಸಿರು ಜೊಲ್ಲು.

ನಾನು ಹಿತ್ತಲಿಗೆ ಬರುವಷ್ಟರಲ್ಲಿ ಮೈದುನ ಕುಡುಗೋಲು ಕಾಯಿಸಿ ಅದರ ಹಣೆಗೆ ಬರೆ ಎಳೆದುಬಿಟ್ಟಿದ್ದ. ನಮ್ಮ ಮನೆಯಲ್ಲಿ ಆಡು ಸುತ್ತಿದರೆ ಹಿಂದಿನಿಂದ ಇದೇ ಮದ್ದು. ಸುಟ್ಟ ಕೂದಲು, ಸುಟ್ಟ ಚರ್ಮದ ನಾತ. ಆಡು ಎದ್ದು ಮತ್ತೆ ಸುತ್ತಿತು.

“ಬರೆ ಹಿಡೀಲಿಲ್ಲ. ಸಾಯಾಕೆ ಮುಂಚೆ ಕೊಯ್ದುಬಿಡಾನ ಅತ್ತಿಗೆ. ಬೀಗರಿಗೇನು ಗೊತ್ತಾಗ್ತೈತೆ?”

“ಥೂ! ಇದನ್ನ ಜನಕ್ಕೆ ತಿನ್ನಿಸ್ತೀಯೇನೋ? ಇದಕ್ಕೆ ಹುಚ್ಚುನಾಯಿ ಕಚ್ಚಿದ್ದಿದ್ರೆ?”

ನ್ಯಾಮತಿಯಿಂದ ದನದ ಡಾಕ್ಟರನ್ನು ಕರೆಸಿದೆ. ಅವರು ಕೈಗವಸು ಹಾಕಿ, ಆಡನ್ನು ಮಲಗಿಸಿ, ಸೊಂಟದ ಹತ್ತಿರ ಬೆನ್ನುಮೂಳೆಯ ಸಂದಿಗೆ ಸೂಜಿ ಇಳಿಸಿ ಚೂರು ನೀರು ಎಳೆದರು. ಮಿದುಳಿನ ಸುತ್ತ ಇರುವ ನೀರೇ ಅಲ್ಲಿಗೂ ಇಳಿದಿರುತ್ತದಂತೆ.

“ನೀರು ನೋಡಾಕೆ ಬೋರ್‌ವೆಲ್ ಕೊರೀತೀರೇನ್ರೀ?” ಅಂದ ಮೈದುನ. ಡಾಕ್ಟರು ಇಂಜೆಕ್ಷನ್ ಹಾಕಿ, ನೀರನ್ನು ಲ್ಯಾಬಿಗೆ ಒಯ್ದರು. ಸಂಜೆ ಫೋನು ಬಂತು.

“ನೀರಲ್ಲಿ ಎಂಜೈಮ್ ಜಾಸ್ತಿ ಐತಮ್ಮ. ಮಿದುಳಿನ ಜೀವಕೋಶ ಒಡೆದ್ರೆ ಅದು ಸೋರಿ ಬರ್ತೈತೆ. ಬಿಳಿ ರಕ್ತಕಣಾನೂ ಏರ್‍ಯಾವೆ. ಎರಡೂ ಸೇರಿಸಿ ನೋಡಿದ್ರೆ ಮಿದುಳಿಗೆ ಬ್ಯಾಕ್ಟೀರಿಯಾ ಹತ್ತಿದಂಗೈತೆ. ಕೊಳೆತ ಮೇವು ಏನಾದ್ರೂ ಹಾಕಿದ್ರಾ?”

ನೆಟ್ಟಗೆ ಮೇವು ಕೂಡಿಡುವ ಸೈಲೇಜ್ ಗುಂಡಿಗೆ ಹೋದೆ. ಹಸಿ ಮೆಕ್ಕೆಜೋಳ ಕತ್ತರಿಸಿ, ಗಾಳಿಯಾಡದಂತೆ ತುಳಿದು, ಪ್ಲಾಸ್ಟಿಕ್ ಹೊದಿಸಿದ ಗುಂಡಿ. ಹೊದಿಕೆ ಹರಿದು ಮಳೆನೀರು ಇಳಿದಿತ್ತು. ಎತ್ತಿದರೆ ಕರೀ ಲೋಳೆ, ಅದರಲ್ಲಿ ಹುಳ ಮಿಜಿಮಿಜಿ. ಸತ್ತ ಇಲಿಯ ನಾತವೇ ವಾಸಿ. ಕೆಳಗಿನ ಒಳ್ಳೆಯ ಮೇವನ್ನು ಹಾಲು ಕೊಡುವ ಎಮ್ಮೆಗೆ ಹಾಕಿ, ಮೇಲಿನ ಲೋಳೆಯನ್ನು ಬಾಚಿ ಆಡಿಗೆ ಹಾಕಿದ್ದನಂತೆ, ಈ ಮಹಾರಾಯ.

“ಆಡಲ್ವಾ, ಏನ್ ಹಾಕಿದ್ರೂ ಅರಗಿಸ್ಕೊಂತೈತೆ ಅಂದ್ಕೊಂಡೆ. ಈಗೇನು, ಬೇಯಿಸಿದ್ರೆ ಎಲ್ಲಾ ಸಾಯ್ತಾವೆ ಬಿಡು ಅತ್ತಿಗೆ.”

“ಇಂಜೆಕ್ಷನ್ ಬೇರೆ ಹಾಕ್ಯಾರೆ, ಆ ಔಷಧಿ ಮಾಂಸದಾಗೇ ಇರ್ತೈತೆ. ಕೊಯ್ಯಿ ನೋಡಾನ. ಅದರ ಮಿದುಳು ಹುರಿದು ಮೊದಲು ನಿನ್ನ ತಟ್ಟೆಗೇ ಹಾಕ್ತೀನಿ. ತಿಂತೀಯಾ?”

ಅವನು ಅತ್ತ ತಿರುಗಿ ಉಗುಳಿದ. ತನ್ನ ಬಾಯಿಗೆ ಬೇಡವಾದದ್ದು ಬೀಗರ ಬಾಯಿಗೆ ಆಗುತ್ತಿತ್ತು. ಇಂಥವನ ಜೊತೆ ಒಂದೇ ಮನೆಯಲ್ಲಿ ಉಣ್ಣಬೇಕು.

ಮರುದಿನ ಬೆಳಿಗ್ಗೆ ಆಡು ಇನ್ನೂ ಬದುಕಿತ್ತು, ತಲೆ ವಾರೆಯೇ. ಮೈದುನನ ಮೂಗಿಗೆ ಬಟ್ಟೆ ಕಟ್ಟಿಸಿ, ಗುಂಡಿಯ ಲೋಳೆಯನ್ನೆಲ್ಲ ಅವನ ಕೈಯಲ್ಲೇ ಬಾಚಿಸಿ ದೂರ ಹೂಳಿಸಿದೆ. ಆಮೇಲೆ ತಲೆಗೆ ನೀರು ಹಾಕಿಕೊಂಡು ಬಂದು, ಬೀಗರಿಗೆ ಹುರುಳಿಕಾಳು ಬೇಯಲು ಇಟ್ಟೆ.