ಒಳಗೆ ಬಿಟ್ಟ ಬಟ್ಟೆ

ಕೊರಳಿಗೆ ಅಳತೆಯ ಟೇಪು ಹಾಕಿಕೊಂಡೇ ಹುಟ್ಟಿದವಳು ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು. ಹಾಗಾಗಿ ಅವಳು ಎಲ್ಲರಿಗೂ ಟೇಪಕ್ಕ. ಬಸ್ ನಿಲ್ದಾಣದ ಹಿಂದಿನ ಸಣ್ಣ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಕನ್ನಡಿ, ಎಳೆದರೆ ಅರ್ಧಕ್ಕೇ ನಿಲ್ಲುವ ಪರದೆ. ಗಂಡ ಹೋದ ಮೇಲೆ ಅವಳನ್ನೂ ಮಗಳನ್ನೂ ಸಾಕಿದ್ದು ಆ ಕೋಣೆಯೇ. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಚುರುಕು. ಸೊಂಟಕ್ಕೆ ಟೇಪು ಸುತ್ತುತ್ತಲೇ, "ಏನಮ್ಮಾ, ಯಾರ ಮನೆ ಊಟ ಮೈಗೆ ಹತ್ತಿದೆ?" ಎಂದು ಕಾಲೆಳೆಯುವಳು. ಹೆಂಗಸರು ನಗುತ್ತಾ ತೋಳೆತ್ತಿ ನಿಲ್ಲುವರು. ಆ ನಗುವಿಗಾಗಿಯೇ ಬರುವವರೂ ಇದ್ದರು.

ಯಾರ ಬಟ್ಟೆಯಾದರೂ ಸರಿ, ಹೊಲಿಗೆಯ ಒಳಗೆ ಒಂದಿಷ್ಟು ಬಟ್ಟೆ ಹೆಚ್ಚಿಗೆ ಬಿಡುವುದು ಅವಳ ಪದ್ಧತಿ. "ಮೈ ಯಾವಾಗಲೂ ಒಂದೇ ಥರ ಇರುತ್ತಾ? ನಾಳೆ ಬಿಚ್ಚಿ ಸಡಿಲ ಮಾಡ್ಕೋಬಹುದು" ಎನ್ನುವಳು.

ಹತ್ತಿರದ ಮನೆಯೊಂದರಲ್ಲಿ ಬಾಡಿಗೆಗಿದ್ದ ಕಂಡಕ್ಟರ್ ಹುಡುಗಿ ಒಮ್ಮೆ ಸಮವಸ್ತ್ರದ ಪ್ಯಾಂಟು ತಂದಳು. "ಅಕ್ಕಾ, ಸೊಂಟ ಸ್ವಲ್ಪ ಸಡಿಲ ಮಾಡಿಕೊಡಿ, ಬಿಗಿ ಆಗ್ತಿದೆ." ಟೇಪಕ್ಕ ಮಾಡಿಕೊಟ್ಟಳು. ಕೆಲವು ವಾರ ಕಳೆದು ಅದೇ ಪ್ಯಾಂಟು ಮತ್ತೆ ಬಂತು, ಈ ಸಲ ಬಿಗಿ ಮಾಡುವುದಕ್ಕೆ. ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಅದು ಟೇಪಕ್ಕನ ಕಣ್ಣಿಗೆ ಬೀಳಲಿಲ್ಲ, ನಾಲಿಗೆ ತುರಿಸುತ್ತಿತ್ತು.

"ಏನೇ ಇದು, ಊದಿದ್ದೂ ಬೇಗ, ಇಳಿದಿದ್ದೂ ಬೇಗ! ಒಳಗಿದ್ದೋರನ್ನ ಎಲ್ಲಿಗೆ ಕಳಿಸಿಬಿಟ್ಟೆ?"

ಬರೀ ತಮಾಷೆ. ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ. ಆದರೆ ಹುಡುಗಿ ನಗಲಿಲ್ಲ. ಬೆಂಚಿನ ಮೇಲೆ ಕಾಯುತ್ತಾ ಕೂತಿದ್ದವಳು ಆ ಹುಡುಗಿಯ ಮನೆ ಒಡತಿ, ಅವಳೂ ನಗಲಿಲ್ಲ.

ಆ ನಾಡಿನ ಕಾನೂನಿನ ಪ್ರಕಾರ ಗರ್ಭ ತೆಗೆಸಿಕೊಂಡವಳು ಅಪರಾಧಿ. ಮನೆ ಒಡತಿ ದೂರು ಕೊಟ್ಟಳು. ಪೊಲೀಸರು ಮೊದಲು ಬಂದದ್ದು ಟೇಪಕ್ಕನ ಕೋಣೆಗೆ. "ನಂಗೇನೂ ಗೊತ್ತಿಲ್ಲ ಸಾರ್, ಬಾಯಿಗೆ ಬಂದಿದ್ದು ಅಂದುಬಿಟ್ಟೆ" ಎಂದು ಅವಳು ಕೈ ಮುಗಿದಳು. ಇನ್‌ಸ್ಪೆಕ್ಟರ್ ಗೋಡೆಯ ಮೊಳೆಗೆ ನೇತುಹಾಕಿದ್ದ, ಹುಡುಗಿ ಇನ್ನೂ ಒಯ್ಯದಿದ್ದ ಪ್ಯಾಂಟನ್ನು ತೆಗೆದು ಒಳಮೈ ಹೊರಕ್ಕೆ ತಿರುಗಿಸಿದ. ಹೊಸದಾಗಿ ಹಾಕಿದ ಹೊಲಿಗೆಯ ಪಕ್ಕದಲ್ಲಿ, ಬಿಚ್ಚಿದ ಹೊಲಿಗೆಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಅವನಿಗೆ ಅಷ್ಟೇ ಸಾಕಾಯಿತು.

ಹೋಗುತ್ತಿದ್ದ ಬಸ್ಸನ್ನು ನಡುದಾರಿಯಲ್ಲಿ ನಿಲ್ಲಿಸಿ ಹುಡುಗಿಯನ್ನು ಇಳಿಸಿದರಂತೆ, ಹೆಗಲಲ್ಲಿ ಟಿಕೆಟ್ ಚೀಲ ಇದ್ದ ಹಾಗೆಯೇ. ಬೇಡ ಬೇಡವೆಂದರೂ ಆಸ್ಪತ್ರೆಗೆ ಒಯ್ದು ಪರೀಕ್ಷೆ ಮಾಡಿಸಿದರು. ಅವಳ ಹೊಟ್ಟೆಯ ಸಂಗತಿಯನ್ನು ಕೋರ್ಟಿನಲ್ಲಿ ಕಂಡಕಂಡವರೆಲ್ಲ ಕೇಳಿಸಿಕೊಂಡರು. ಕೆಲಸ ಹೋಯಿತು, ಜೈಲಾಯಿತು. ಯಾರಿಂದ ಬಸಿರಾದಳು, ಯಾಕೆ ತೆಗೆಸಿಕೊಂಡಳು ಎಂಬುದು ಟೇಪಕ್ಕನಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಾಗಬೇಕಾದ ದರ್ದು ಅವಳಿಗಾಗಲಿ, ಇನ್‌ಸ್ಪೆಕ್ಟರಿಗಾಗಲಿ, ನಮಗೆ ನಿಮಗಾಗಲಿ ಏನಿತ್ತು?

ಟೇಪಕ್ಕ ಬಾಯಿಗೆ ಬೀಗ ಹಾಕಿಕೊಂಡಳು. ಏನು ಪ್ರಯೋಜನ? ಹೆಂಗಸರು ಬರುವುದನ್ನು ಬಿಡಲಿಲ್ಲ, ಹತ್ತಿರದಲ್ಲಿ ಬೇರೆ ಹೊಲಿಯುವವರಿಲ್ಲ. ಆದರೆ ತೋಳೆತ್ತಿ ನಿಲ್ಲುವುದನ್ನು ಬಿಟ್ಟರು. ಹಳೆಯ ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟು, "ಇದೇ ಅಳತೆಗೆ ಹೊಲೀರಿ. ಒಳಗೆ ಬಟ್ಟೆ ಬಿಡಬೇಡಿ" ಎಂದು ನಿಂತ ಕಾಲಲ್ಲೇ ಹೊರಟುಬಿಡುವರು. ಅವಳಿಗೆ ಅಳು ಬರುತ್ತಿತ್ತು. ಆದರೂ ಅವರ ಮೇಲೆ ಸಿಟ್ಟು ಬರುತ್ತಿರಲಿಲ್ಲ.

ಒಂದು ಸಂಜೆ ಕಾಲೇಜಿಗೆ ಹೋಗುವ ಮಗಳಿಗೆಂದು ಒಳ್ಳೆಯ ಬಟ್ಟೆ ತಂದು, "ಬಾರೇ, ತೋಳೆತ್ತು" ಎಂದು ಕೊರಳಿಂದ ಟೇಪು ತೆಗೆದಳು. ತೊಟ್ಟಿಲಲ್ಲಿದ್ದಾಗಿನಿಂದ ಆ ಮಗಳು ಬೇರೆಯವರು ಹೊಲಿದದ್ದನ್ನು ತೊಟ್ಟವಳಲ್ಲ. ಈಗ ಹಿಂದೆ ಸರಿದು ಹೊಟ್ಟೆಯ ಮೇಲೆ ಕೈ ಕಟ್ಟಿಕೊಂಡಳು.

"ಹಳೇದು ಕೊಡ್ತೀನಮ್ಮ. ಅದನ್ನ ನೋಡ್ಕೊಂಡು ಹೊಲಿ."

"ನಾನು ನಿನ್ನ ಅಮ್ಮ ಕಣೇ!"

"ಗೊತ್ತು" ಎಂದಳು ಮಗಳು. ಕಟ್ಟಿದ ಕೈ ಬಿಚ್ಚಲಿಲ್ಲ.

ಟೇಪಕ್ಕ ಮಗಳ ಹಳೆಯ ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಸೊಂಟದ ಅಳತೆ ತೆಗೆಯಲು ಕೂತಳು. ಕಣ್ಣು ತುಂಬಿ ಟೇಪಿನ ಅಂಕಿ ಕಾಣಲಿಲ್ಲ.